ತಕ್ಕಡಿಯ ಪಕ್ಕದ ಕುರ್ಚಿ

ಹುಳಿಮಾವಿನ ಪಿಳ್ಳಪ್ಪನವರ ಮನೆಯ ಕೆಳಗೆ ಒಂದು ಹಗೇವು ಇತ್ತು. ಅವರ ತಾತನ ಕಾಲದಲ್ಲಿ ಆ ಗುಂಡಿಯಲ್ಲಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರಂತೆ. ಹೊಲ ಹೋಗಿ ಸೈಟಾಗಿ, ಸೈಟಿನ ಮೇಲೆ ಮೂರಂತಸ್ತು ಎದ್ದು, ಅಂತಸ್ತಿಗೊಂದು ಬಾಡಿಗೆ ಸಂಸಾರ ಬಂದ ಮೇಲೆ ರಾಗಿ ಗುಂಡಿಗೆ ಏನು ಕೆಲಸ? ಆದರೂ ತಾತ ತೋಡಿಸಿದ್ದನ್ನು ಮುಚ್ಚಿಸಲು ಪಿಳ್ಳಪ್ಪನವರಿಗೆ ಮನಸ್ಸು ಬರಲಿಲ್ಲ. ಅಗಲ ಮಾಡಿಸಿ, ಗೋಡೆಗೆ ಸಿಮೆಂಟು ಹಾಕಿಸಿ, ಮೆಟ್ಟಿಲು ಕಟ್ಟಿಸಿ, ಮುರುಕಲು ಮಂಚ, ನೊಗ, ನೇಗಿಲು ಎಲ್ಲ ಅಲ್ಲಿ ಹಾಕಿಟ್ಟಿದ್ದರು. ದಿನೇಶ ಅದನ್ನು ನೋಡಿ ಬಂದ ದಿನ ಚಪ್ಪಲಿ ಬಿಡುವುದಕ್ಕೂ ಮುಂಚೆ ಹೆಂಡತಿ ಅರ್ಪಿತಳಿಗೆ ಹೇಳಿದ್ದ.

"ಸಿಕ್ತು ಕಣೇ ಜಾಗ. ಬೇಸಿಗೆ ಚಳಿ ಎರಡಕ್ಕೂ ಒಂದೇ ತಂಪು. ಒಂದು ಲಾರಿ ಸದ್ದಿಲ್ಲ, ಮೆಟ್ರೋ ನಡುಕ ಇಲ್ಲ."

ಈಗ ದಿನೇಶ ಇಲ್ಲ. ಹೋದ ವರ್ಷ ಆಷಾಢದಲ್ಲಿ, ಪಾಠ ಮುಗಿಸಿ ಇಳಿಯುವಾಗ ಕಾಲೇಜಿನ ಮೆಟ್ಟಿಲ ಮೇಲೆ ಕುಸಿದು ಕೂತವನು ಏಳಲಿಲ್ಲ. ಹೃದಯ ಅಂದರು. ಪ್ರಯೋಗಕ್ಕೆಂದು ಅವನು ಕಟ್ಟಿದ್ದ ತಕ್ಕಡಿ ಹಗೇವಿನಲ್ಲೇ ಉಳಿಯಿತು. ಈಗ ಪಿಳ್ಳಪ್ಪನವರಿಗೆ ಆ ಜಾಗದಲ್ಲಿ ಲಿಫ್ಟ್ ಇಡಿಸಬೇಕು. ಬಾಡಿಗೆಯವರಲ್ಲಿ ಮೊಣಕಾಲು ನೋವಿನವರು ಹೆಚ್ಚಾಗಿದ್ದಾರೆ. ಮಳೆಗಾಲದೊಳಗೆ ಹಗೇವು ಖಾಲಿಯಾಗಬೇಕು ಎಂದು ಅವರು ಫೋನು ಮಾಡಿ, ಎರಡೆರಡು ಸಲ ಬೇಜಾರು ಮಾಡಿಕೊಂಡು, ಹೇಳಿದ್ದರು.

ತಕ್ಕಡಿಯನ್ನು ಬಿಚ್ಚಿ ಕಾಲೇಜಿಗೆ ಒಪ್ಪಿಸುವ ಕೆಲಸ ಅರ್ಪಿತಳ ಪಾಲಿಗೆ ಬಂತು. ಅದಕ್ಕೆ ಮುಂಚೆ ಇನ್ನೊಂದು ಕೆಲಸವಿತ್ತು. ಅದನ್ನು ವಹಿಸಿದವರು ಚಿದಾನಂದ್. ಜಯನಗರದ ಆ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ದಿನೇಶನಿಗೂ ಅವಳಿಗೂ ಇಬ್ಬರಿಗೂ ಪಾಠ ಹೇಳಿದವರು.

"ನೋಡಮ್ಮ," ಎಂದರು, ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು. "ಪೇಪರ್ ನಾನೇ ಬರೆದು ಮುಗಿಸಿದೀನಿ. ಅವನ ಹೆಸರು ಮೊದಲು. ಕೊನೇದಾಗಿ ಒಂದ್ಸಲ ನೀನು ತಕ್ಕಡಿ ಓಡಿಸಿ ನೋಡು. ನೋಡಿ ಹೂಂ ಅಂದ್ರೆ ಕಳಿಸಿಬಿಡ್ತೀನಿ. ನಿಜ ಆದ್ರೆ ಪ್ರಪಂಚದಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರೇ."

"ಹೂಂ ಸರ್."

"ಈಗಲೇ ಹೂಂ ಅನ್ನಬೇಡ. ನೋಡಿ ಅನ್ನು."

ಅವಳು ಎದ್ದಳು. ಒಂದು ವರ್ಷದಿಂದ ಅವಳಿಗೆ ಯಾವುದೂ ಬೇಕು ಅನ್ನಿಸಿರಲಿಲ್ಲ. ಜೆ.ಪಿ. ನಗರದ ಒಂದು ಕೋಣೆಯ ಮನೆಯಲ್ಲಿ ಬ್ರೆಡ್ಡನ್ನೋ ಬಾಳೆಹಣ್ಣನ್ನೋ ಅಡುಗೆ ಕಟ್ಟೆಯ ಹತ್ತಿರ ನಿಂತೇ ತಿಂದು ಮುಗಿಸುತ್ತಿದ್ದಳು. ಅತ್ತರೆ ಹಗುರ ಆಗುತ್ತೆ ಎಂದು ಎಲ್ಲರೂ ಹೇಳಿದ್ದರು, ಅಳುವೂ ಬಂದಿರಲಿಲ್ಲ. ಇದು ಮಾತ್ರ ಬೇಕಿತ್ತು. ದಿನೇಶ ಕಂಡಿದ್ದು ನಿಜವಾಗಿರಬೇಕು. ಅದೊಂದು ಉಳಿದರೆ ಅವನಲ್ಲಿ ಏನೋ ಉಳಿದಂತೆ.

ಅವನು ಹುಡುಕುತ್ತಿದ್ದದ್ದನ್ನು ತಿಳಿಯುವುದು ಕಷ್ಟವಲ್ಲ. ಮಕ್ಕಳ ಆಟದ ಅಯಸ್ಕಾಂತ ಒಂದು ಗುಂಡುಸೂಜಿಯನ್ನು ಎತ್ತಿಬಿಡುತ್ತದೆ. ಕೆಳಗಿನಿಂದ ಇಡೀ ಭೂಮಿ ಎಳೆಯುತ್ತಿದ್ದರೂ ಆ ಚೂರು ಅಯಸ್ಕಾಂತವೇ ಗೆಲ್ಲುತ್ತದೆ. ಗುರುತ್ವ ಯಾಕೆ ಅಷ್ಟು ನಿಶ್ಶಕ್ತ? ಉದ್ದ, ಅಗಲ, ಎತ್ತರ ಎಂದು ನಮಗೆ ಗೊತ್ತಿರುವ ಮೂರು ಆಯಾಮಗಳ ಜೊತೆಗೆ ಇನ್ನೂ ಕೆಲವು ಇದ್ದು, ನಾವಾಗಲಿ ಬೆಳಕಾಗಲಿ ಹೋಗಲಾರದ ಆ ಕಡೆಗೆ ಗುರುತ್ವ ಮಾತ್ರ ಹರಿದು ಹೋಗುತ್ತಿರಬಹುದೇ? ಅರ್ಪಿತ ತನ್ನ ಪಿಎಚ್‌ಡಿಗೆ ಬರೆದದ್ದು ಇದೇ ಪ್ರಶ್ನೆಯ ಗಣಿತ. ಅಳೆದು ನೋಡಲು ಹೊರಟವನು ದಿನೇಶ. "ನೀನು ಬರೀ, ನಾನು ತೂಗ್ತೀನಿ" ಎನ್ನುತ್ತಿದ್ದ.

ಹಗೇವನ್ನು ಬಾಡಿಗೆಗೆ ಕೇಳಲು ಹೋದ ದಿನ ಅವಳೂ ಜೊತೆಗಿದ್ದಳು. ಪಿಳ್ಳಪ್ಪನವರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅಲ್ಲ ಸಾ, ಏನ್ ತೂಗ್ತೀರಿ ಆ ತಕ್ಕಡೀಲಿ? ಚಿನ್ನಾನಾ?"

"ಎರಡು ತಟ್ಟೆ ಒಂದನ್ನೊಂದು ಎಷ್ಟು ಎಳೀತವೆ ಅಂತ ನೋಡ್ತೀನಿ ಅಂಕಲ್."

"ತಟ್ಟೆ ತಟ್ಟೇನ ಎಳೀತದಾ?"

"ಎಲ್ಲವೂ ಎಲ್ಲವನ್ನೂ ಎಳೀತವೆ. ಈಗ ನೀವೂ ನನ್ನ ಎಳೀತಾ ಇದೀರಿ."

ಒಳಗಿನಿಂದ ಕಾಫಿ ತಂದ ನಾಗಲಕ್ಷ್ಮಮ್ಮ ನಕ್ಕುಬಿಟ್ಟರು. "ಈವಯ್ಯನ್ನ ನಾನು ಮದ್ವೆ ಆದಾಗಿಂದ ಎಳೀತಾ ಇವ್ನಿ ಕಣಪ್ಪ. ಆ ಜಗಲಿ ಬಿಟ್ಟು ಅಲ್ಲಾಡಿಲ್ಲ."

"ಅದಕ್ಕೇ ಅಮ್ಮ, ಅಷ್ಟು ಕಮ್ಮಿ ಅದು," ಎಂದ ದಿನೇಶ, ನಗದೆ. "ಜೆ.ಪಿ. ನಗರದಲ್ಲಿ ನಮ್ಮನೆ ಬೀದಿ ಕೊನೇದು. ಕಾವೇರಿ ನೀರು ಬಿಟ್ಟಾಗ ನಮ್ಮ ನಲ್ಲೀಲಿ ಬೆರಳು ದಪ್ಪ ಬರುತ್ತೆ. ಹಾಗಂತ ನೀರೇ ಕಮ್ಮಿ ಅಂತಲ್ಲ. ದಾರೀಲಿ ಎಲ್ಲೆಲ್ಲೋ ಕವಲು ಹೋಗಿರುತ್ತೆ, ನಮಗೆ ಕಾಣಲ್ಲ. ಅದೇ ದೊಡ್ಡ ಪೈಪ್ ಹತ್ರ ಹೋಗಿ ನೋಡಿ, ಕೈ ಕೊಚ್ಚಿಕೊಂಡು ಹೋಗುತ್ತೆ. ಇದೂ ಹಾಗೇನಾ ಅಂತ ಹತ್ರ ಹೋಗಿ ನೋಡಬೇಕು."

"ಎಷ್ಟು ಹತ್ರ?"

"ಎರಡು ತಟ್ಟೆ ನಡುವೆ ಒಂದು ಹಾಳೆ ಕಾಗದ ತೂರಬಾರದು. ಅಷ್ಟು."

ಸಾಮಾನ್ಯವಾಗಿ ದೂರ ಅರ್ಧವಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಕಾಣದ ಆಯಾಮಗಳು ಎರಡು ಇದ್ದರೆ, ಅಷ್ಟು ಹತ್ತಿರಕ್ಕೆ ಹೋದಾಗ ಹದಿನಾರು ಪಟ್ಟಾಗಬೇಕು. ಹೋದ ವರ್ಷ ಬೇಸಿಗೆಯಲ್ಲಿ, ಊರಿನ ಬೋರುಗಳೆಲ್ಲ ಬತ್ತಿ ಜನ ಟ್ಯಾಂಕರಿನ ಹಿಂದೆ ಓಡುತ್ತಿದ್ದ ದಿನಗಳಲ್ಲಿ, ದಿನೇಶ ಒಂದು ಸಂಜೆ ಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಿದ್ದ.

"ಜಾಸ್ತಿ ಬರ್ತಿದೆ ಕಣೇ. ಹತ್ತಿರದ ಅಳತೇಲಿ ಪ್ರತಿ ಸಲಾನೂ ಜಾಸ್ತಿ ಬರ್ತಿದೆ. ದೂರದ್ದರಲ್ಲಿ ಸರಿಯಾಗಿದೆ."

"ಏನಾದ್ರೂ ತಪ್ಪಿರಬಹುದಾ?"

"ಹುಡುಕ್ತಾ ಇದೀನಿ. ಯಾರಿಗೂ ಹೇಳ್ಬೇಡ."

ತಪ್ಪು ಸಿಗುವುದಕ್ಕೆ ಮುಂಚೆ ಅವನೇ ಹೋದ.

ಅರ್ಪಿತ ಹುಳಿಮಾವಿಗೆ ಹೋದಾಗ ನಾಗಲಕ್ಷ್ಮಮ್ಮ ಅವಳ ಕೈ ಹಿಡಿದು ಕೂರಿಸಿ, ತಟ್ಟೆಯಲ್ಲಿ ಎಳ್ಳುಂಡೆ ತಂದಿಟ್ಟರು. ಬಂದ ಹೆಣ್ಣುಮಕ್ಕಳಿಗೆ ಕುಂಕುಮ ಕೊಡುವುದು ಅವರ ಅಭ್ಯಾಸ. ಕೈ ತಾನಾಗಿ ಗೂಡಿನಲ್ಲಿದ್ದ ಭರಣಿಯ ಕಡೆ ಹೋಯಿತು, ಅಲ್ಲೇ ನಿಂತಿತು, ಪಕ್ಕದಲ್ಲಿದ್ದ ಬಾಳೆಹಣ್ಣಿನ ಚಿಪ್ಪನ್ನು ತೆಗೆದುಕೊಂಡಿತು. ಅರ್ಪಿತ ನೋಡಿದಳು, ನೋಡದವಳಂತೆ ಹಣ್ಣು ತೆಗೆದುಕೊಂಡಳು.

ಹಗೇವಿನ ಬಾಗಿಲಿಗೆ ದಿನೇಶನ ಕೈಬರಹದ ಕಾಗದ ಇನ್ನೂ ಅಂಟಿತ್ತು. 'ಅಳತೆ ನಡೆಯುವಾಗ ಒಳಗೆ ಯಾರೂ ಇರಬಾರದು.' ಒಳಗೆ ಮಣ್ಣಿನ ವಾಸನೆ, ಆ ಹಳೇ ತಂಪು. ಕಲ್ಲಿನ ಕಟ್ಟೆಯ ಮೇಲೆ ಎದೆಯೆತ್ತರದ ಸ್ಟೀಲಿನ ಡಬ್ಬಿ. ಅದರೊಳಗೆ ಕೂದಲಿಗಿಂತ ಸಣ್ಣ ತಂತಿಯಲ್ಲಿ ಒಂದು ಕಡ್ಡಿ ಅಡ್ಡಲಾಗಿ ತೂಗುತ್ತದೆ. ಕಡ್ಡಿಯ ತುದಿಯ ತಟ್ಟೆಯನ್ನು ಹೊರಗಿನ ತಟ್ಟೆ ಎಳೆದರೆ ತಂತಿ ಚೂರೇ ಚೂರು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಒಂದು ಬೆಳಕಿನ ಕಿರಣ ಹಿಡಿದು ಮೆಟ್ಟಿಲ ಮೇಲಿನ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಅದು ಒಂದು ಗೆರೆಯಾಗಿ ಕಾಣುತ್ತದೆ. ಅಷ್ಟೇ ತಕ್ಕಡಿ. ಪಕ್ಕದ ಗೋಡೆಗೆ ಒತ್ತಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇತ್ತು. ಬಲ್ಬು ಬದಲಿಸಲು ಇಟ್ಟುಕೊಂಡಿರಬೇಕು ಎಂದುಕೊಂಡಳು.

ಮೊದಲು ದೂರದ ಅಳತೆ. ತಟ್ಟೆಯನ್ನು ದೂರಕ್ಕೆ ಸರಿಸಿ, ಬಾಗಿಲು ಹಾಕಿ, ಮೇಲೆ ಬಂದು ಕೂತಳು. ಮಾರನೆಯ ದಿನವೂ ಬಂದು ಕೂತಳು. ಗೆರೆ ನೀರಿನ ಮೇಲಿನ ಎಲೆಯಂತೆ ಒಂಚೂರು ಮೇಲೆ ಒಂಚೂರು ಕೆಳಗೆ ಆಡುತ್ತಾ ಒಂದೇ ಮಟ್ಟದಲ್ಲಿತ್ತು.

ಮಧ್ಯಾಹ್ನದ ಹೊತ್ತು, ಬಾಡಿಗೆಯವರೆಲ್ಲ ಕೆಲಸಕ್ಕೆ ಹೋಗಿದ್ದಾಗ, ಗೇಟಿನ ಹತ್ತಿರ ಟ್ಯಾಂಕರ್ ಬಂದು ನಿಂತ ಸದ್ದಾಯಿತು. ಪಿಳ್ಳಪ್ಪನವರು ಯಾರಿಗೋ "ಮೆಲ್ಲಗೋ, ಮೆಲ್ಲಗೆ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಗೆರೆ ಮೇಲಕ್ಕೆ ಹತ್ತತೊಡಗಿತು.

ಲಾರಿ, ಎಂದುಕೊಂಡಳು ಅರ್ಪಿತ. ಭಾರದ ಲಾರಿ ಹತ್ತಿರ ಬಂದರೆ ತಕ್ಕಡಿ ಆ ಕಡೆ ತಿರುಗುವುದು ಸಹಜ. ಹೋದ ಮೇಲೆ ಇಳಿಯುತ್ತದೆ. ಕಾದಳು. ಗೆರೆ ಅವಸರವಿಲ್ಲದೆ ಹತ್ತುತ್ತಲೇ ಇತ್ತು, ಯಾರೋ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ. ಹೊರಗೆ ಟ್ಯಾಂಕರ್ ಸ್ಟಾರ್ಟಾಯಿತು, ಹೊರಟುಹೋಯಿತು. ಗೆರೆ ಇಳಿಯಲಿಲ್ಲ. ಹತ್ತಿದ ಮಟ್ಟದಲ್ಲೇ ನಿಂತಿತು.

ತಟ್ಟೆ ದೂರದಲ್ಲೇ ಇದೆ. ಯಾರೂ ಮುಟ್ಟಿಲ್ಲ. ಆದರೂ ಹತ್ತಿರ ತಂದಾಗ ದಿನೇಶನಿಗೆ ಬರುತ್ತಿದ್ದಷ್ಟೇ 'ಜಾಸ್ತಿ' ಈಗ ಅವಳ ಕಣ್ಣ ಮುಂದೆ ಇತ್ತು.

ಎದ್ದು ಹೊರಗೆ ಬಂದಳು. ಬಾಡಿಗೆಯವರ ಸಂಪು ಇರುವುದು ಗೇಟಿನ ಪಕ್ಕ; ಅದು ದಿನೇಶನಿಗೂ ಗೊತ್ತಿತ್ತು, ಅದರ ಲೆಕ್ಕವನ್ನು ಅವನು ಇಟ್ಟಿದ್ದ. ಆದರೆ ನೆಲದ ಮೇಲಿನ ನೀರಿನ ಗುರುತು ಆ ಕಡೆ ಹೋಗಿರಲಿಲ್ಲ. ಗೇಟಿನಿಂದ ಪಾರ್ಕಿಂಗ್ ದಾಟಿ, ಹಗೇವಿನ ಪಕ್ಕಕ್ಕೇ ಬಂದು, ಸಾಲಾಗಿಟ್ಟ ದಾಸವಾಳದ ಕುಂಡಗಳ ಕೆಳಗೆ ಮಾಯವಾಗಿತ್ತು. ನಾಗಲಕ್ಷ್ಮಮ್ಮ ಬಗ್ಗಿ ಕೊನೆಯ ಕುಂಡವನ್ನು ಒಂದು ಕಬ್ಬಿಣದ ಮುಚ್ಚಳದ ಮೇಲೆ ಎಳೆಯುತ್ತಿದ್ದರು. ಅವಳನ್ನು ಕಂಡು ಸೊಂಟ ಹಿಡಿದುಕೊಂಡು ನಿಂತರು.

"ಅಮ್ಮ, ಇಲ್ಲೊಂದು ಸಂಪಿದೆಯಾ?"

"ಮೆಲ್ಲಗೆ ಮಾತಾಡವ್ವ!" ಎಂದು ಮೇಲಿನ ಅಂತಸ್ತಿನ ಕಡೆ ನೋಡಿದರು. "ಮನೆ ಕಟ್ಟುವಾಗ್ಲೇ ಮಾಡ್ಸಿದ್ದು. ಖಾಲಿ ಬಿದ್ದಿತ್ತು. ಹೋದ ವರ್ಷ ಬೋರು ಬತ್ತೋಯ್ತಲ್ಲ, ಆಗಿಂದ ನಮಗೆ ಅಂತ ಇದಕ್ಕೊಂದು ಟ್ಯಾಂಕ್ರು ಹಾಕಿಸ್ಕೋತೀವಿ. ಮ್ಯಾಲಿನೋರಿಗೆ ಗೊತ್ತಾದ್ರೆ ಬಿಟ್ಟಾರಾ? ಅಮ್ಮ ಒಂದ್ಬಿಂದಿಗೆ, ಅಮ್ಮ ಒಂದ್ಬಿಂದಿಗೆ ಅಂತ ಒಂದೇ ದಿನಕ್ಕೆ ಬರಿದು ಮಾಡ್ತಾರೆ."

"ದಿನೇಶನಿಗೆ ಗೊತ್ತಿತ್ತಾ ಇದು?"

ನಾಗಲಕ್ಷ್ಮಮ್ಮನ ಮುಖ ಸಪ್ಪಗಾಯಿತು. "ಒಂದಿನ ಕೇಳಿದ್ರು. ಇಲ್ಲಿ ಸುತ್ತಮುತ್ತ ಎಲ್ಲಾದ್ರೂ ನೀರು ತುಂಬಿಸ್ತೀರಾ ಅಮ್ಮ, ಭಾರದ್ದು ಏನಾದ್ರೂ ಇಡ್ತೀರಾ ಅಂತ. ಸರ್ಯಾಗಿ ಅದೇ ಹೊತ್ಗೆ ಮ್ಯಾಲಿನ ಮನೆಯವ್ಳು ಬಟ್ಟೆ ಒಣಗಾಕ್ತಾ ನಿಂತವ್ಳೆ. ನಾನು ಏನಂತ ಹೇಳ್ಲಿ? ಏನೂ ಇಲ್ಲ ಸಾ ಅಂದ್ಬುಟ್ಟೆ. ಆಮೇಲೆ ಹೇಳಿದ್ರಾಯ್ತು ಅನ್ಕೊಂಡೆ. ಮರ್ತೋಯ್ತು."

"ಈ ನೀರು ಯಾವಾಗ ಖಾಲಿ ಮಾಡ್ತೀರಿ?"

"ಮೋಟ್ರು ಹಾಕಿ ದಿನಾ ಮ್ಯಾಲಕ್ಕೆ ತಗೋತೀವಿ. ಆದ್ರೆ ಒಂದ್ ಮಾತು ಹೇಳ್ತೀನಿ ಕೇಳು." ಅವರು ಹತ್ತಿರ ಬಂದರು, ಇದನ್ನು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. "ಅಮ್ಮ ಇವತ್ತಿಂದ ಹತ್ತಿರದ ಅಳತೆ, ಮಕ್ಕಳು ಇಲ್ಲಿ ಕುಣಿದಾಡ್ದೆ ಇರೋ ಹಾಗೆ ನೋಡ್ಕೊಳ್ಳಿ ಅಂತ ಅವ್ರು ಅಂದ್ರೆ ಸಾಕು, ಆ ತಕ್ಕಡಿ ಬಾಗ್ಲು ತೆರೆಯೋಗಂಟ ನಾನು ಈ ಮೋಟ್ರು ಮುಟ್ತಿರ್ಲಿಲ್ಲ. ಗುರ್ ಅಂದು ಅವ್ರ ತಕ್ಕಡಿ ಅಲ್ಲಾಡಿದ್ರೆ? ಸಂಪು ತುಂಬಿಸಿ ಹಂಗೇ ಇಟ್ಟಿರ್ತಿದ್ದೆ. ಆ ಎರಡು ಮೂರು ದಿನ ಬಾಡಿಗೆಯೋರ ಸಂಪಿಂದ್ಲೇ ನಾನೇ ಹೊತ್ತು ತರ್ತಿದ್ದೆ. ಕೇಳು ಬೇಕಾದ್ರೆ ನಮ್ಮ ಯಜಮಾನ್ರನ್ನ, ಸೊಂಟ ಬಿದ್ದೋಗಿತ್ತು."

ಅರ್ಪಿತ ಕುಂಡಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಹತ್ತಿರದ ಅಳತೆಯ ದಿನ ಸಂಪು ತುಂಬಿರುತ್ತಿತ್ತು. ದೂರದ ಅಳತೆಯ ದಿನ ನೀರು ಇಳಿದಿರುತ್ತಿತ್ತು. ಪ್ರತಿ ಸಲವೂ. ಈ ಹೆಂಗಸು ಅವನ ಮೇಲಿನ ಅಕ್ಕರೆಯಿಂದ ಬೆನ್ನು ಬಗ್ಗಿಸಿ ನೀರು ಹೊತ್ತಿದ್ದರು, ಮತ್ತು ತಕ್ಕಡಿ ಅದನ್ನೆಲ್ಲ ತಪ್ಪದೆ ಗುರುತು ಹಾಕಿಕೊಂಡಿತ್ತು.

"ಯಾಕವ್ವ, ತಪ್ಪಾಯ್ತಾ?"

"ಇಲ್ಲಮ್ಮ. ನೀರಿಗೂ ಎಳೆತ ಇರುತ್ತೆ. ಅಷ್ಟೇ."

"ಮ್ಯಾಲಿನೋರಿಗೆ ಹೇಳ್ಬೇಡ ಕಣವ್ವ."

"ಹೇಳಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪಿಳ್ಳಪ್ಪನವರ ಮನೆಯವರು ಸತ್ತರೂ ಬಾಯಿ ಬಿಡುವುದಿಲ್ಲ. ಅವರಿಗೆ ಅವರದೇ ಕಾರಣವಿದೆ. ಇನ್ನೊಂದು ತಿಂಗಳಿಗೆ ಹಗೇವೇ ಇರುವುದಿಲ್ಲ. ಚಿದಾನಂದ್ ಮೇಷ್ಟ್ರು ಅವಳ ಹೂಂ ಕಾಯುತ್ತಿದ್ದಾರೆ. ಒಂದೇ ಅಕ್ಷರ. ನಾಳೆಯಿಂದ ಎಲ್ಲೆಲ್ಲೋ ಕೂತ ಜನ ದಿನೇಶನ ಹೆಸರು ಹೇಳುತ್ತಾರೆ, ಅವನ ಬಗ್ಗೆ ಜಗಳವಾಡುತ್ತಾರೆ. ಬಿಳೇಕಹಳ್ಳಿ ದಾಟುವವರೆಗೂ ಅವಳು ಆ ಅಕ್ಷರವನ್ನು ಬಾಯೊಳಗೆ ಇಟ್ಟುಕೊಂಡೇ ಇದ್ದಳು. ಆಮೇಲೆ ಅವನು ಬಾಗಿಲಿಗೆ ಒರಗಿ ನಿಂತು "ಹುಡುಕ್ತಾ ಇದೀನಿ" ಎಂದದ್ದು ನೆನಪಾಯಿತು. ಅವನು ಹುಡುಕುತ್ತಿದ್ದದ್ದು ಇದನ್ನೇ. ಸರಿಯಾದ ಮನೆಗೇ ಹೋಗಿ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಬಟ್ಟೆ ಒಣಗಹಾಕುವವಳೊಬ್ಬಳು ಅಡ್ಡ ಬಂದಿದ್ದಳು, ಅಷ್ಟೇ.

ಆ ವಾರ ಅವಳು ಮನೆಯಲ್ಲಿ ಕೂತು ಅವನು ದಾಖಲಿಸಿದ ಗೆರೆಯನ್ನೆಲ್ಲ ಬಿಚ್ಚಿದಳು. ಟ್ಯಾಂಕರ್ ಬಂದ ದಿನಗಳು ಗೆರೆಯಲ್ಲೇ ಕಾಣುತ್ತಿದ್ದವು, ಗೊತ್ತಿದ್ದವರ ಕಣ್ಣಿಗೆ. ನೀರಿನ ಎಳೆತವನ್ನು ಲೆಕ್ಕ ಹಾಕಿ ಕಳೆದಳು. ಹತ್ತಿರದ ಅಳತೆಯ 'ಜಾಸ್ತಿ' ಮಂಜಿನ ಹಾಗೆ ಕರಗಿತು. ಒಂದು ಕಾಗದದ ದಪ್ಪಕ್ಕಿಂತ ಹತ್ತಿರ ಹೋದರೂ ಗುರುತ್ವ ಎಂದಿನ ಹಾಗೇ ಇತ್ತು. ದೂರ ಅರ್ಧವಾದರೆ ನಾಲ್ಕು ಪಟ್ಟು. ಬೇರೆ ಆಯಾಮ ಇದ್ದರೆ ಅದು ಇದಕ್ಕಿಂತ ಸಣ್ಣ ಸಂದಿಯಲ್ಲಿ ಎಲ್ಲೋ ಅವಿತಿರಬೇಕು. ಇಲ್ಲಿ ಇಲ್ಲ.

ಗೆರೆ ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ನೀರು ಕಳೆದ ಮೇಲೆ ಇನ್ನೊಂದು ಎದ್ದು ಕಂಡಿತು. ಸಂಜೆ ಹೊತ್ತಿನಲ್ಲಿ ಒಂದು ಸಣ್ಣ ದಿಬ್ಬ. ಗೆರೆ ಮೆಲ್ಲಗೆ ಏಳುತ್ತದೆ, ಗಂಟೆಯೋ ಅದಕ್ಕಿಂತ ಹೆಚ್ಚೋ ಹಾಗೇ ಇರುತ್ತದೆ, ಇಳಿಯುತ್ತದೆ. ಮಾರನೆಯ ಸಂಜೆಯೂ ಹಾಗೇ. ಸೆಖೆಯಿಂದ ಇರಬಹುದೇ ಎಂದು ನೋಡಿದಳು. ಹಗೇವಿನೊಳಗೆ ಸೆಖೆ ಎಲ್ಲಿಯದು? ಹೋದ ವರ್ಷ ಯುಗಾದಿಗೆ ಅವಳೂ ದಿನೇಶನೂ ಅವನ ಅಮ್ಮನ ಊರಿಗೆ ಹೋಗಿದ್ದರು. ಆ ಸಂಜೆಗಳಲ್ಲಿ ದಿಬ್ಬ ಇರಲಿಲ್ಲ. ಅವನು ಹೋದ ಮೇಲೂ ಕಂಪ್ಯೂಟರ್ ಕೆಲವು ದಿನ ತನ್ನ ಪಾಡಿಗೆ ಗೆರೆ ಎಳೆಯುತ್ತಲೇ ಇತ್ತು. ಆ ಸಂಜೆಗಳಲ್ಲೂ ಇರಲಿಲ್ಲ. ಗೆರೆ ಸುಮ್ಮನೆ ಮುಂದಕ್ಕೆ ಹೋಗಿತ್ತು.

ಅರ್ಪಿತ ಟೇಬಲ್ಲಿನಿಂದ ಎದ್ದು, ನೀರು ಕುಡಿದು, ಮತ್ತೆ ಬಂದು ಕೂತಳು. ನೀಲಿ ಕುರ್ಚಿ ನೆನಪಾಯಿತು.

"ದಿನೇಶ ಸಂಜೆ ಹೊತ್ತು ಇಲ್ಲಿಗೆ ಬರ್ತಿದ್ರಾ ಅಮ್ಮ?" ಮರುದಿನ ಹುಳಿಮಾವಿನಲ್ಲಿ ಕೇಳಿದಳು.

"ಬರ್ತಿದ್ರು. ಯಾಕೆ, ನಿಂಗೆ ಹೇಳಿರ್ಲಿಲ್ವಾ?"

"ಕೆರೆ ಸುತ್ತ ನಡೆದು ಬರ್ತೀನಿ ಅಂತಿದ್ರು."

ನಾಗಲಕ್ಷ್ಮಮ್ಮ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿದರು. "ಮೊದ್ಲು ಮೊದ್ಲು ಕೆರೆಗೇ ಹೋಗ್ತಿದ್ರು. ಆಮೇಲೆ ಇಲ್ಲೇ ಕೂತ್ಕೋಳೋಕೆ ಶುರು ಮಾಡಿದ್ರು. ಒಳಗೆ ಕುರ್ಚಿ ಹಾಕ್ಕೊಂಡು, ದೀಪಾನೂ ಹಾಕ್ತಿರ್ಲಿಲ್ಲ. ಯಾಕ್ಸಾ ಕತ್ತಲೇಲಿ, ಕೆರೆ ಕಡೆ ಗಾಳಿ ಚೆನ್ನಾಗಿರುತ್ತಲ್ಲ ಅಂದೆ. ಅಲ್ಲಿ ಎಲ್ಲಾ ಜೋಡಿ ಜೋಡಿ ಓಡಾಡ್ತಾರೆ ಅಮ್ಮ, ಒಬ್ಬನೇ ಹೋದ್ರೆ ಒಂಥರಾ ಅಂದ್ರು."

"ಮನೆಗೆ ಬರಬಹುದಿತ್ತಲ್ಲ."

"ನಾನೂ ಅದೇ ಅಂದೆ. ಮನೇಲಿ ಅವ್ಳು ಬರೀತಾ ಇರ್ತಾಳೆ, ಇರೋದು ಒಂದು ರೂಮು, ನಾನಿದ್ರೆ ಅದು ಇದು ಮಾತಾಡಿ ಕೆಡಿಸ್ತೀನಿ, ಅವ್ಳದ್ದು ಮುಗೀಲಿ ಅಂದ್ರು. ಕಾಫಿ ಕೊಟ್ರೆ ಅಲ್ಲೇ ಕುಡಿಯೋರು. ಇಲ್ಲಿ ಯಾರೂ ಇರಬಾರ್ದು ಅಂತ ನೀವೇ ಬರ್ದಿದೀರಲ್ಲ ಸಾ ಅಂತ ರೇಗಿಸಿದ್ರೆ, ನಾನು ಯಾರೂ ಅಲ್ಲ ಬಿಡಿ ಅಮ್ಮ ಅಂತ ನಗೋರು."

ಅರ್ಪಿತ ನೆಲಕ್ಕೆ ಬಿದ್ದ ಹೂವೊಂದನ್ನು ಎತ್ತಿ ಅವರ ಮುಂದಿಟ್ಟಳು. ಆ ಸಂಜೆಗಳಲ್ಲಿ ಅವನು ಹೊರಟ ಮೇಲೆ ಅವಳಿಗೆ ಒಂದು ಸಾಲೂ ಬರೆಯಲಾಗುತ್ತಿರಲಿಲ್ಲ. ಕೆಳಗೆ ಗೇಟಿನ ಸದ್ದು ಆಗುವವರೆಗೆ ಸುಮ್ಮನೆ ಕೂತಿರುತ್ತಿದ್ದಳು. ಅವನಿಗೆ ನಡಿಗೆ ಬೇಕು, ಆರೋಗ್ಯಕ್ಕೆ ಒಳ್ಳೆಯದು ಎಂದು ಬೇಡ ಅಂದಿರಲಿಲ್ಲ.

ಹಗೇವಿಗೆ ಇಳಿದಳು. ಲ್ಯಾಪ್‌ಟಾಪಿಗೆ ಗೆರೆಯನ್ನು ಜೋಡಿಸಿಕೊಂಡು, ಅದನ್ನು ಮಡಿಲಲ್ಲಿಟ್ಟು, ಆ ಕುರ್ಚಿಯಲ್ಲಿ ಕೂತಳು. ಕುರ್ಚಿಯ ಕಾಲುಗಳು ಸಿಮೆಂಟಿನ ಮೇಲೆ ಗುರುತು ಮಾಡಿದ್ದವು, ಅವನು ಕದಲಿಸದೆ ದಿನಾ ಅಲ್ಲೇ ಕೂರುತ್ತಿದ್ದ. ದೀಪ ಆರಿಸಿದಳು.

ಬಂದು ಕೂತ ಅಲುಗಾಟಕ್ಕೆ ಗೆರೆ ಮೊದಲು ಹುಚ್ಚು ಹುಚ್ಚಾಗಿ ಕುಣಿಯಿತು. ಅವಳು ಉಸಿರು ಸಣ್ಣ ಮಾಡಿಕೊಂಡು ಕೂತಳು. ಬಹಳ ಹೊತ್ತಿನ ಮೇಲೆ ಕುಣಿತ ಅಡಗಿತು. ಆಗ ಕಂಡಿತು. ಡಬ್ಬಿಯೊಳಗಿನ ಕಡ್ಡಿ, ಗಾಳಿಯಿಲ್ಲದ ಕತ್ತಲಲ್ಲಿ, ಕೂದಲಿಗಿಂತ ಸಣ್ಣ ತಂತಿಯನ್ನು ತಿರುಚಿಕೊಂಡು ಚೂರೇ ಚೂರು ಅವಳ ಕಡೆ ತಿರುಗಿತ್ತು. ಪರದೆಯ ಮೇಲೆ ಒಂದು ದಿಬ್ಬ. ಅವನದರಂಥದ್ದೇ, ಸ್ವಲ್ಪ ತಗ್ಗು.

ಅವಳ ತೂಕ ಗೊತ್ತು. ಎರಡು ದಿಬ್ಬಗಳ ಎತ್ತರ ಗೊತ್ತು. ಕೂತಲ್ಲೇ ಮನಸ್ಸಿನಲ್ಲಿ ಗುಣಿಸಿ ಭಾಗಿಸಿದಳು. ಅವನ ತೂಕ ಎಪ್ಪತ್ತೆರಡು ಕಿಲೋದ ಆಸುಪಾಸು ಬಂತು. ಮನೆಯೆದುರಿನ ಮೆಡಿಕಲ್ ಶಾಪಿನ ತೂಕದ ಮೆಷಿನ್ ಹತ್ತಿ ಇಳಿದು ಅವನು "ಎಪ್ಪತ್ತೆರಡು! ಎಲ್ಲಾ ನಿನ್ನ ಒಬ್ಬಟ್ಟಿನ ದಯೆ" ಎಂದು ರೇಗಿಸಿದ್ದು ಅದೇ ಯುಗಾದಿ ಕಳೆದ ಮೇಲೆ. ಅವಳ ಕಣ್ಣಿನಿಂದ ನೀರು ಇಳಿದು ಕೀಲಿಮಣೆಯ ಮೇಲೆ ಬಿತ್ತು. ಸೆರಗಿಲ್ಲ, ದುಪಟ್ಟಾ ಮೇಲೇ ಬಿಟ್ಟಿದ್ದಳು. ಅಂಗೈಯಲ್ಲಿ ಒರೆಸಿದಳು. ಗೆರೆ ಮತ್ತೆ ಕುಣಿಯತೊಡಗಿತು. ಕುಣಿಯಲಿ ಎಂದು ಬಿಟ್ಟಳು.

ಮೇಲೆ ಬಂದಾಗ ನಾಗಲಕ್ಷ್ಮಮ್ಮ ಅವಳ ಮುಖ ನೋಡಿದರು. ಕಟ್ಟಿದ ಹೂವಿನಲ್ಲಿ ಒಂದು ಮೊಳ ಕತ್ತರಿಸಿ, ಅವಳನ್ನು ಹಿಂದಕ್ಕೆ ತಿರುಗಿಸಿ ಜಡೆಗೆ ಮುಡಿಸಿದರು. "ಯಾರ್ ಏನಂದ್ರೂ ನಂಗೆ ಹೇಳು" ಎಂದರು.

ಮನೆಗೆ ಬಂದು ಚಿದಾನಂದ್ ಅವರಿಗೆ ಫೋನು ಮಾಡಿದಳು.

"ಸರ್, ಇಲ್ಲ."

ಆ ಕಡೆಯಿಂದ ಜಯನಗರದ ಬಸ್ಸಿನ ಹಾರ್ನು ಕೇಳಿಸಿತು.

"ಏನಾಗಿತ್ತಮ್ಮ?"

"ಪಕ್ಕದಲ್ಲಿ ನೀರಿತ್ತು ಸರ್. ಅವರಿಗೆ ಹೇಳಿರಲಿಲ್ಲ. ನೀರು ಕಳೆದ್ರೆ ಏನೂ ಉಳಿಯಲ್ಲ. ಇಷ್ಟು ಹತ್ತಿರದವರೆಗೆ ಬೇರೆ ಆಯಾಮ ಇಲ್ಲ ಅಂತ ಬರೀಬಹುದು."

"ಅದನ್ನ ಯಾರೂ ಓದಲ್ಲಮ್ಮ."

"ಗೊತ್ತು ಸರ್. ಆದ್ರೂ ಬರೆಯೋಣ. ಹೆಸರು ಅವರದೇ ಮೊದಲು."

"ಹೂಂ. ಬೇರೆ ಏನಾದ್ರೂ ಕಳೀಬೇಕಿತ್ತಾ?"

"ಇನ್ನೊಂದಿದೆ ಸರ್. ತಕ್ಕಡಿ ಪಕ್ಕ ಒಬ್ಬರು ಕೂತಿರ್ತಿದ್ರು, ಸಂಜೆ."

"ಅಳತೆ ಮಾಡುವಾಗ? ಯಾರಮ್ಮ ಅದು, ಬುದ್ಧಿ ಇಲ್ವಾ?"

"ದಿನೇಶ್, ಸರ್."

ಮೇಷ್ಟ್ರು "ನಿಧಾನಕ್ಕೆ ಮಾಡು" ಎಂದಷ್ಟೇ ಹೇಳಿದರು.

"ನಾಳೆ ಕಳಿಸ್ತೀನಿ ಸರ್."

ಇನ್ನೂ ಬೆಳಕಿತ್ತು. ಟೇಬಲ್ಲಿಗೆ ಬಂದು ಕೂತಳು. ಎಲ್ಲ ಸಂಜೆಗಳನ್ನೂ ಒಟ್ಟಿಗೆ ಕಳೆದುಬಿಡುವ ದಾರಿ ಇತ್ತು. ಒಂದು ಸಾಲು ಬರೆದರೆ ಕಂಪ್ಯೂಟರ್ ಕ್ಷಣದಲ್ಲಿ ಮಾಡಿ ಮುಗಿಸುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಒಂದೊಂದೇ ಸಂಜೆಯನ್ನು ತೆಗೆದು, ಅವನು ಬಂದು ಕೂತಲ್ಲಿಂದ ಎದ್ದು ಹೋಗುವವರೆಗೆ ನೋಡಿ, ಆಮೇಲೆ ಕಳೆದಳು. ಕಳೆದಲ್ಲೆಲ್ಲ ಗೆರೆ ನೆಟ್ಟಗಾಯಿತು. ಹಾಗೇ ಇರಬೇಕಾದದ್ದು ಅದು.

ಕೊನೆಯ ಸಂಜೆ ಉಳಿಯಿತು. ಆ ದಿನದ ದಿಬ್ಬ ಉಳಿದವಕ್ಕಿಂತ ಉದ್ದ. ಅಂದು ಅವನು ಮನೆಗೆ ತಡವಾಗಿ ಬಂದಿದ್ದ. ಸಾರು ಆರಿಹೋಯಿತು ಎಂದು ಅವಳು ಗೊಣಗಿದ್ದಳು, ಅವನು ಆರಿದ ಸಾರನ್ನೇ ಎರಡು ಸಲ ಹಾಕಿಸಿಕೊಂಡಿದ್ದ.

ಅದನ್ನು ಬೆಳಿಗ್ಗೆ ಕಳೆದರಾಯಿತು ಎಂದುಕೊಂಡಳು. ಪರದೆಯನ್ನು ಹಾಗೇ ಬಿಟ್ಟು ಎದ್ದು, ಅಕ್ಕಿ ತೊಳೆದು, ಒಲೆಯ ಮೇಲೆ ಅನ್ನಕ್ಕೆ ಇಟ್ಟಳು.